ಬೀದಿ ಮಕ್ಕಳ ಪರ್ಯಾಯ ಶಿಕ್ಷಣ ಮತ್ತು ವೃತ್ತಿ ತರಬೇತಿ: ಪ್ರಚಲಿತ ಸ್ಥಿತಿಯ ಒಂದು ವಿಶ್ಲೇಷಣೆ

ಪೀಠಿಕೆ

ರೈಲು ನಿಲ್ದಾಣ, ಬಸ್ ನಿಲ್ದಾಣ ಹಾಗೂ ಮಾರುಕಟ್ಟೆಗಳಲ್ಲಿ ಚಿಂದಿ ಆಯುವ, ಹೂವು ಮಾರುವ, ಹೋಟೆಲುಗಳಲ್ಲಿ ಲೋಟ ತೊಳೆಯುವ ಮಕ್ಕಳನ್ನು ಕಂಡಾಗ ಇವರು ಏಕೆ ಶಾಲೆಯಲ್ಲಿಲ್ಲ ಎಂಬ ಪ್ರಶ್ನೆ ನಾಗರಿಕರಲ್ಲಿ ಸಹಜವಾಗಿ ಮೂಡುತ್ತದೆ. ಕಾನೂನು ಇಲ್ಲದಿರುವುದು ಅಥವಾ ಯೋಜನೆಗಳು ಇಲ್ಲದಿರುವುದು ಇದಕ್ಕೆ ಮುಖ್ಯ ಕಾರಣವಲ್ಲ. ಒಂದು ಸೌಲಭ್ಯದಿಂದ ಮತ್ತೊಂದು ಸೌಲಭ್ಯಕ್ಕೆ ದಾಟುವ ಹಂತದಲ್ಲಿ, ವಿಶೇಷವಾಗಿ 14 ರಿಂದ 18 ವರ್ಷದ ನಡುವೆ, ಮಕ್ಕಳು ಕೈಬಿಟ್ಟು ಹೋಗುತ್ತಿದ್ದಾರೆ ಎಂಬುದೇ ಇಂದಿನ ಪ್ರಮುಖ ಸಮಸ್ಯೆಯಾಗಿದೆ. ಮಗುವಿನ ಪರವಾಗಿ ಅರ್ಜಿ ಸಲ್ಲಿಸುವ ಪೋಷಕರು, ಬಂಧುಗಳು ಹಾಗೂ ಆಸಕ್ತ ನಾಗರಿಕರಿಗೆ ಈ ಹಂತಗಳ ಅರಿವು ಇರುವುದು ಅವಶ್ಯಕವಾದ್ದರಿಂದ ಈ ಟಿಪ್ಪಣಿಯನ್ನು ಸಿದ್ಧಪಡಿಸಲಾಗಿದೆ.

ಬೀದಿ ಮಕ್ಕಳು ಯಾರು?

ಬೀದಿ ಮಕ್ಕಳೆಲ್ಲರೂ ಅನಾಥರು ಎಂಬ ಭಾವನೆ ಸರಿಯಲ್ಲ. ಇವರನ್ನು ಸಾಮಾನ್ಯವಾಗಿ ಮೂರು ಗುಂಪುಗಳಾಗಿ ಪರಿಗಣಿಸಲಾಗುತ್ತದೆ:

1. ಯಾರ ಆಸರೆಯೂ ಇಲ್ಲದೆ ಒಂಟಿಯಾಗಿ ಬೀದಿಯಲ್ಲಿ ವಾಸಿಸುವವರು.
2. ಹಗಲು ಬೀದಿಯಲ್ಲಿದ್ದು ರಾತ್ರಿ ಸಮೀಪದ ಕೊಳೆಗೇರಿ ಅಥವಾ ಗುಡಿಸಲಿನ ಮನೆಗೆ ಮರಳುವವರು.
3. ಕುಟುಂಬದೊಡನೆ ಬೀದಿಯಲ್ಲಿಯೇ ನೆಲೆಸಿರುವವರು.

ಮೊದಲನೆಯವರಿಗೆ ವಸತಿಯೊಡನೆ ಶಿಕ್ಷಣ ಬೇಕು. ಎರಡನೆಯವರಿಗೆ ಕುಟುಂಬದ ಆದಾಯಕ್ಕೆ ಆಧಾರ ಬೇಕು. ಮೂರನೆಯವರಿಗೆ ಕುಟುಂಬಕ್ಕೇ ನೆಲೆ ಬೇಕು. ಮೂವರಿಗೂ ಒಂದೇ ಬಗೆಯ ಕಾರ್ಯಕ್ರಮವನ್ನು ಅನ್ವಯಿಸಿದಲ್ಲಿ ಫಲ ದೊರೆಯುವುದಿಲ್ಲ.

ನಡೆದು ಬಂದ ದಾರಿ

ಬೆಂಗಳೂರಿನಲ್ಲಿ 1980ರಲ್ಲಿ ಡಾನ್ ಬೋಸ್ಕೋ ಸಲೇಸಿಯನ್ ಸಂಸ್ಥೆಯವರು ಆರಂಭಿಸಿದ ಬೋಸ್ಕೋ, ಬೀದಿಗಳಲ್ಲಿಯೇ ಮಕ್ಕಳನ್ನು ಸಂಪರ್ಕಿಸುವ ಕಾರ್ಯವನ್ನು ಕೈಗೊಂಡಿತು. ದುಡಿಯುವ ಮಕ್ಕಳ ನಡುವೆ ಕೆಲಸ ಮಾಡುವ ಬೆಂಗಳೂರಿನ ಮತ್ತೊಂದು ಸಂಸ್ಥೆಯು ಕುಂದಾಪುರ ತಾಲ್ಲೂಕಿನಲ್ಲಿ 'ನಮ್ಮ ಭೂಮಿ' ಎಂಬ ಕೇಂದ್ರದ ಮೂಲಕ ಹದಿಹರೆಯದವರಿಗೆ ವೃತ್ತಿ ಶಿಕ್ಷಣವನ್ನು ಒದಗಿಸಿತು. ದೆಹಲಿಯಲ್ಲಿ 1988ರಲ್ಲಿ ಸ್ಥಾಪನೆಯಾದ ಸಲಾಂ ಬಾಲಕ್ ಟ್ರಸ್ಟ್, ತನ್ನ ಆಶ್ರಯದಲ್ಲಿ ಬೆಳೆದ ಯುವಜನರನ್ನು ನಗರ ದರ್ಶನದ ಮಾರ್ಗದರ್ಶಿಗಳನ್ನಾಗಿ ತರಬೇತಿಗೊಳಿಸಿತು. ಮೊದಲು ಮಗುವಿನ ವಿಶ್ವಾಸ, ನಂತರ ಕಲಿಕೆ, ಅನಂತರ ಕಸುಬು ಎಂಬ ಕ್ರಮವನ್ನು ಇಂತಹ ಪ್ರಯತ್ನಗಳಿಂದ ಗುರುತಿಸಬಹುದಾಗಿದೆ.

ಸರ್ಕಾರದ ವತಿಯಿಂದ 1988ರಲ್ಲಿ ರಾಷ್ಟ್ರೀಯ ಬಾಲಕಾರ್ಮಿಕ ಯೋಜನೆ ಆರಂಭವಾಗಿ, ದುಡಿಮೆಯಿಂದ ಬಿಡಿಸಿದ ಮಕ್ಕಳಿಗೆ ವಿಶೇಷ ತರಬೇತಿ ಕೇಂದ್ರಗಳು ನಡೆದವು. ಈ ಯೋಜನೆಯು 2021ರ ನಂತರ ಸಮಗ್ರ ಶಿಕ್ಷಣದಲ್ಲಿ ವಿಲೀನಗೊಂಡಿರುವುದರಿಂದ ಹಳೆಯ ಯೋಜನೆಯ ಹೆಸರಿನಲ್ಲಿ ಅರ್ಜಿ ಸಲ್ಲಿಸುವ ಅವಶ್ಯಕತೆ ಇರುವುದಿಲ್ಲ. ನಮ್ಮ ರಾಜ್ಯದಲ್ಲಿ 2000ರ ದಶಕದಲ್ಲಿ ನಡೆದ 'ಚಿಣ್ಣರ ಅಂಗಳ' ಸೇತುಬಂಧ ಶಿಬಿರಗಳನ್ನು ಅನೇಕರು ಇಂದಿಗೂ ಸ್ಮರಿಸುತ್ತಾರೆ.

2022ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಬೀದಿ ಮಕ್ಕಳನ್ನು ಗುರುತಿಸಿ ಪುನರ್ವಸತಿ ಕಲ್ಪಿಸುವಂತೆ ಎಲ್ಲ ರಾಜ್ಯಗಳಿಗೂ ನಿರ್ದೇಶನ ನೀಡಿದ ಮೇಲೆ ಈ ವಿಷಯಕ್ಕೆ ಹೊಸ ಮಹತ್ವ ಬಂದಿದೆ.

14 ವರ್ಷದವರೆಗೆ: ದಾಖಲೆ ಇಲ್ಲವೆಂದು ನಿರಾಕರಿಸುವಂತಿಲ್ಲ

2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಅಧಿನಿಯಮ 2009ರ ಪ್ರಕಾರ, 6 ರಿಂದ 14 ವರ್ಷದ ಮಗು ಎಂದೂ ಶಾಲೆಗೆ ಹೋಗಿರದಿದ್ದರೂ ವಯಸ್ಸಿಗೆ ತಕ್ಕ ತರಗತಿಗೇ ದಾಖಲಾಗುವ ಹಕ್ಕನ್ನು ಹೊಂದಿದೆ. ಹನ್ನೊಂದು ವರ್ಷದ ಬಾಲಕಿಯನ್ನು ಒಂದನೇ ತರಗತಿಯಲ್ಲಿ ಕೂರಿಸುವಂತಿಲ್ಲ. ಇತರ ಮಕ್ಕಳ ಮಟ್ಟಕ್ಕೆ ಬರಲು ಆಕೆಗೆ ವಿಶೇಷ ತರಬೇತಿಯನ್ನು ನೀಡಬೇಕಾಗುತ್ತದೆ. ಹೀಗೆ ದಾಖಲಾದ ಮಗುವಿಗೆ 14 ವರ್ಷ ತುಂಬಿದ ನಂತರವೂ ಎಂಟನೇ ತರಗತಿ ಮುಗಿಯುವವರೆಗೆ ಉಚಿತ ಶಿಕ್ಷಣ ಮುಂದುವರಿಯುತ್ತದೆ.

ಸದರಿ ಅಧಿನಿಯಮದ 14ನೇ ಪ್ರಕರಣದನ್ವಯ ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೆ ಯಾವುದೇ ಮಗುವಿಗೆ ಪ್ರವೇಶವನ್ನು ನಿರಾಕರಿಸುವಂತಿಲ್ಲ. ಜನನ ಪ್ರಮಾಣಪತ್ರ ತಂದ ಮೇಲೆ ಬನ್ನಿ ಎಂಬ ಉತ್ತರ ದೊರೆತಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಲಿಖಿತ ದೂರು ಸಲ್ಲಿಸಬಹುದಾಗಿದೆ.

14 ರಿಂದ 18 ವರ್ಷ: ಸಮಸ್ಯೆಯ ಕೇಂದ್ರ

ಮೇಲ್ಕಂಡ ಹಕ್ಕು 14 ವರ್ಷದೊಳಗೆ ಶಾಲೆಯ ಹೊಸ್ತಿಲು ದಾಟಿದವರಿಗೆ ಮಾತ್ರ ರಕ್ಷಣೆ ನೀಡುತ್ತದೆ. ಮೊದಲ ಬಾರಿಗೆ 15ನೇ ವಯಸ್ಸಿನಲ್ಲಿ ಬೆಳಕಿಗೆ ಬಂದ ಬಾಲಕನು ಅದೇ ಹಕ್ಕನ್ನು ಕೇಳಲು ಬರುವುದಿಲ್ಲ. ಕೈಗಾರಿಕಾ ತರಬೇತಿ ಸಂಸ್ಥೆಗೆ ಸೇರಲು 14 ವರ್ಷ ಸಾಕು. ಆದರೆ ಬಹುತೇಕ ವೃತ್ತಿಗಳಿಗೆ ಹತ್ತನೇ ತರಗತಿ, ವೆಲ್ಡರ್ ಮುಂತಾದ ಕೆಲವಕ್ಕೆ ಎಂಟನೇ ತರಗತಿ ಉತ್ತೀರ್ಣತೆ ಬೇಕಾಗುತ್ತದೆ. ಅಕ್ಷರ ಬಲ್ಲ, ಕೈಕೆಲಸವನ್ನೂ ಬಲ್ಲ ಹುಡುಗ ಒಂದು ಅಂಕಪಟ್ಟಿಯ ಕೊರತೆಯಿಂದ ಹಿಂತಿರುಗಬೇಕಾಗುತ್ತದೆ. ಹಾಗೆ ಹಿಂತಿರುಗಿದವನು ಮತ್ತೆ ಅರ್ಜಿ ಹಿಡಿದು ಬರುವುದು ವಿರಳ.

ಈ ಅಂತರವನ್ನು ತುಂಬುವ ಮಾರ್ಗಗಳು ಇಲ್ಲದಿಲ್ಲ. 1989ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಮುಕ್ತ ಶಾಲೆಯು ಈಗ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯಾಗಿದ್ದು, ಮುಕ್ತ ಮೂಲ ಶಿಕ್ಷಣದ ಎ, ಬಿ, ಸಿ ಹಂತಗಳನ್ನು ಕ್ರಮವಾಗಿ ಮೂರು, ಐದು ಮತ್ತು ಎಂಟನೇ ತರಗತಿಗೆ ಸಮಾನವಾಗಿ ನಡೆಸುತ್ತದೆ. ಸಮಗ್ರ ಶಿಕ್ಷಣದಡಿ ಶಾಲೆಯಿಂದ ಹೊರಗುಳಿದ, ಸಾಮಾಜಿಕವಾಗಿ ಮತ್ತು ಆರ್ಥಿಕವಾಗಿ ಹಿಂದುಳಿದ 16 ರಿಂದ 19 ವರ್ಷದವರು ಮುಕ್ತ ಶಾಲೆಯ ಮೂಲಕ ಕಲಿಯಲು ವಾರ್ಷಿಕ ರೂ. 2,000ದವರೆಗೆ ನೆರವಿಗೆ ಅವಕಾಶವಿದೆ. ಔಪಚಾರಿಕ ವಿದ್ಯಾರ್ಹತೆ ಇಲ್ಲದವರಿಗೆ ಜನ ಶಿಕ್ಷಣ ಸಂಸ್ಥಾನಗಳು 15 ವರ್ಷದಿಂದ ಅಲ್ಪಾವಧಿ ತರಬೇತಿ ನೀಡುತ್ತವೆ.

ಆದರೆ ಈ ಮಾರ್ಗಗಳು ಬೇರೆ ಬೇರೆ ಸಂಸ್ಥೆಗಳ ಅಧೀನದಲ್ಲಿವೆ. ಒಂದರ ಬಾಗಿಲಲ್ಲಿ ನಿಂತ ಮಗುವಿಗೆ ಇನ್ನೊಂದರ ವಿಳಾಸ ತಿಳಿಯುವುದಿಲ್ಲ. ಆದುದರಿಂದ ಕಸುಬನ್ನು ಮಾತ್ರ ಕಲಿಸಿ ಸಮಾನ ವಿದ್ಯಾರ್ಹತೆಯನ್ನು ಕಡೆಗಣಿಸುವುದಾಗಲಿ, ಪಾಠ ಮಾತ್ರ ಹೇಳಿ ಕಸುಬನ್ನು ಮುಂದೂಡುವುದಾಗಲಿ ಸೂಕ್ತವಲ್ಲ. ಎರಡನ್ನೂ ಜೊತೆಯಾಗಿ ನಡೆಸಿದಲ್ಲಿ ಮಾತ್ರ ಮುಂದಿನ ಮೆಟ್ಟಿಲು ತೆರೆಯುತ್ತದೆ.

ದಿನದ ಗಳಿಕೆಯ ಲೆಕ್ಕ

ಮಗು ತರಗತಿಯನ್ನು ಅರ್ಧಕ್ಕೆ ಬಿಡಲು ಆಸಕ್ತಿಯ ಕೊರತೆಯೇ ಕಾರಣವೆಂದು ಹೇಳುವುದು ವಾಡಿಕೆ. ಆದರೆ ಲೆಕ್ಕವು ಬೇರೆಯದೇ ಚಿತ್ರವನ್ನು ನೀಡುತ್ತದೆ. ಮಿಷನ್ ವಾತ್ಸಲ್ಯ ಯೋಜನೆಯಡಿ ಪ್ರಾಯೋಜಕತ್ವದ ಮೊತ್ತ ಮಾಸಿಕ ರೂ. 4,000, ಅಂದರೆ ದಿನಕ್ಕೆ ಸುಮಾರು ರೂ. 133. ಕುಟುಂಬದ ವಾರ್ಷಿಕ ಆದಾಯವು ಗ್ರಾಮಾಂತರದಲ್ಲಿ ರೂ. 72,000 ಹಾಗೂ ಇತರೆಡೆ ರೂ. 96,000 ಮೀರಿರಬಾರದು. ಮೊತ್ತಕ್ಕಿಂತ ಅದು ಕೈಸೇರುವ ಸಮಯ ಮುಖ್ಯ. ಬೀದಿಯ ಗಳಿಕೆ ಅದೇ ಸಂಜೆ ಕೈಗೆ ಬರುತ್ತದೆ. ನೆರವಿನ ಹಣ ಅರ್ಜಿ, ಗೃಹ ತನಿಖೆ ಮತ್ತು ಸಮಿತಿಯ ಅನುಮೋದನೆಗಳ ನಂತರ ಬರುತ್ತದೆ. ಈ ನಡುವಿನ ಅವಧಿಯಲ್ಲಿ ಊಟಕ್ಕೆ ಏನು ಮಾಡಬೇಕು ಎಂಬುದಕ್ಕೆ ಉತ್ತರವಿಲ್ಲದಿದ್ದರೆ ಮಗು ಬೀದಿಗೆ ಮರಳುತ್ತದೆ. ಅರ್ಜಿಯನ್ನು ಮೊದಲ ಬಾರಿಗೇ ಪೂರ್ಣವಾಗಿ ಸಲ್ಲಿಸುವುದು ಈ ಕಾರಣದಿಂದ ಅತ್ಯಂತ ಮುಖ್ಯವಾಗಿದೆ.

ಕಾನೂನಿನಲ್ಲಿಯೇ ಇರುವ ಮತ್ತೊಂದು ಅವಕಾಶವನ್ನು ಗಮನಿಸಬೇಕು. 2016ರ ತಿದ್ದುಪಡಿಯಂತೆ 14 ವರ್ಷದೊಳಗಿನವರನ್ನು ದುಡಿಮೆಗೆ ನೇಮಿಸಿಕೊಳ್ಳುವುದು ಹಾಗೂ 14 ರಿಂದ 18 ವರ್ಷದವರನ್ನು ಅಪಾಯಕಾರಿ ಉದ್ಯೋಗಗಳಲ್ಲಿ ನೇಮಿಸಿಕೊಳ್ಳುವುದು ನಿಷಿದ್ಧವಾಗಿದೆ. ಅಪಾಯಕಾರಿಯಲ್ಲದ ಕೆಲಸದಲ್ಲಿರುವ ಕಿಶೋರರನ್ನು ಸಂಜೆ 7 ರಿಂದ ಬೆಳಿಗ್ಗೆ 8ರವರೆಗೆ ದುಡಿಸುವಂತಿಲ್ಲ. ವಿಶ್ರಾಂತಿಯೂ ಸೇರಿ ದಿನಕ್ಕೆ 6 ಗಂಟೆ ಮೀರುವಂತಿಲ್ಲ. ವಾರಕ್ಕೊಂದು ರಜೆ ಕಡ್ಡಾಯ. ಈ ನಿಯಮ ಪಾಲನೆಯಾದಲ್ಲಿ ಕಲಿಕೆಗೆ ಬೇಕಾದ ಸಮಯ ತಾನಾಗಿಯೇ ಲಭ್ಯವಾಗುತ್ತದೆ. ತರಬೇತಿ ಕೇಂದ್ರಗಳ ವೇಳಾಪಟ್ಟಿಯೂ ಇದಕ್ಕೆ ಹೊಂದಿಕೊಳ್ಳುವಂತಿರಬೇಕು.

18 ವರ್ಷ ತುಂಬಿದ ದಿನ

ಪಾಲನಾ ಸಂಸ್ಥೆಯಲ್ಲಿ ಬೆಳೆದ ಯುವಜನರು 18 ವರ್ಷಕ್ಕೆ ಹೊರಬರಬೇಕಾಗುತ್ತದೆ. ಬಾಲನ್ಯಾಯ ಅಧಿನಿಯಮ 2015ರ 46ನೇ ಪ್ರಕರಣವು ಇವರಿಗೆ ಅನುಪಾಲನೆಯ ನೆರವನ್ನು ಕಲ್ಪಿಸಿದ್ದು, ಮಿಷನ್ ವಾತ್ಸಲ್ಯದಡಿ ಇದು 21 ವರ್ಷದವರೆಗೆ, ವಿಶೇಷ ಸಂದರ್ಭಗಳಲ್ಲಿ 23 ವರ್ಷದವರೆಗೆ ದೊರೆಯುತ್ತದೆ. ಕೋರ್ಸು ಅರ್ಧದಲ್ಲಿರುವಾಗ ವಸತಿ ತಪ್ಪಿದರೆ ಅದುವರೆಗಿನ ವೆಚ್ಚ ಮತ್ತು ಶ್ರಮ ಎರಡೂ ವ್ಯರ್ಥವಾಗುವುದರಿಂದ 18 ತುಂಬುವ ಮುನ್ನವೇ ಅರ್ಜಿ ಸಲ್ಲಿಸುವುದು ಕ್ಷೇಮಕರ.

ಸಾರ್ವಜನಿಕರ ಗಮನಕ್ಕೆ

1. ಆಸರೆಯಿಲ್ಲದ ಮಗು ಕಂಡುಬಂದಲ್ಲಿ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡುವುದು. ಸಂರಕ್ಷಿಸಲಾದ ಮಗುವನ್ನು ಪ್ರಯಾಣದ ಸಮಯವನ್ನು ಹೊರತುಪಡಿಸಿ 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕಾಗುತ್ತದೆ.
2. ಪ್ರಾಯೋಜಕತ್ವ ಮತ್ತು ಅನುಪಾಲನೆಗಾಗಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕವನ್ನು ಸಂಪರ್ಕಿಸುವುದು.
3. ತರಬೇತಿಗೆ ಸೇರಿಸುವ ಮುನ್ನ ವಿದ್ಯಾರ್ಹತೆ, ಅವಧಿ, ವಸತಿ ಹಾಗೂ ದೊರೆಯುವ ಪ್ರಮಾಣಪತ್ರದ ಮಾನ್ಯತೆಯನ್ನು ವಿಚಾರಿಸುವುದು.
4. ಪ್ರತಿ ಅರ್ಜಿಗೂ ದಿನಾಂಕ ಸಹಿತ ಸ್ವೀಕೃತಿ ಪಡೆಯುವುದು.
5. ಮಗುವಿನ ಹೆಸರು, ಭಾವಚಿತ್ರಗಳನ್ನು ಪ್ರಕಟಿಸದಿರುವುದು.

ಶಾಲೆ, ಮುಕ್ತ ಶಿಕ್ಷಣ, ತರಬೇತಿ, ಅನುಪಾಲನೆ ಈ ನಾಲ್ಕೂ ಒಂದೇ ಏಣಿಯ ಮೆಟ್ಟಿಲುಗಳು. ನಡುವಿನ ಮೆಟ್ಟಿಲು ತಪ್ಪಿದರೆ ಮೇಲಿನದು ಎಷ್ಟು ಗಟ್ಟಿಯಾಗಿದ್ದರೂ ಮಗುವಿನ ಕೈಗೆಟುಕುವುದಿಲ್ಲ. 14 ಮತ್ತು 18 ಈ ಎರಡು ವಯಸ್ಸಿನ ತಿರುವುಗಳಲ್ಲಿ ಮಗುವಿನ ಜೊತೆಗೆ ಒಬ್ಬ ಹಿರಿಯರು ಅರ್ಜಿ ಹಿಡಿದು ಕಛೇರಿಗೆ ಬಂದಲ್ಲಿ ಈಗಿರುವ ಯೋಜನೆಗಳಿಂದಲೇ ಸಾಕಷ್ಟು ಪ್ರಯೋಜನ ಪಡೆಯಬಹುದಾಗಿದೆ. ನಾಗರಿಕರು ಈ ಸಹಕಾರವನ್ನು ನೀಡಬೇಕೆಂದು ಕೋರಲಾಗಿದೆ.