ಟರ್ಬೊ ಕಾರಿಗೆ ‘ರೀಮ್ಯಾಪ್’: ಹೆಚ್ಚಿದ ಬಲದ ಬೆಲೆ ತೆರುವವರಾರು?

ಬೆಂಗಳೂರು: 2025ರ ಮೇ ತಿಂಗಳಲ್ಲಿ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ, ಅಕ್ಟೋಬರ್‌ನಲ್ಲಿ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಭಾರತದ ಮಾರುಕಟ್ಟೆಗೆ ಬಂದವು. ಬೆಲೆ ಐವತ್ತು ಲಕ್ಷ ರೂಪಾಯಿಗಳ ಆಸುಪಾಸು. ಆದರೂ ದೇಶಕ್ಕೆ ಮೀಸಲಾಗಿದ್ದ 100 ಆಕ್ಟೇವಿಯಾಗಳು ಬುಕಿಂಗ್‌ನಲ್ಲೇ ಖಾಲಿಯಾದವು.

ವೇಗದ ಈ ವ್ಯಾಮೋಹ ಸಿರಿವಂತರಿಗಷ್ಟೇ ಸೀಮಿತವಲ್ಲ. 2022ರಲ್ಲಿ ತಯಾರಿಕೆ ನಿಂತ ಪೋಲೊದ ಜಿಟಿ ಟಿಎಸ್‌ಐ ಮಾದರಿಯನ್ನು ಹಳೆಯ ಕಾರುಗಳ ಮಾರುಕಟ್ಟೆಯಲ್ಲಿ ಕೊಂಡು, ಅದರ ಬಲ ಹೆಚ್ಚಿಸಿಕೊಳ್ಳುವ ಯುವಕರಿದ್ದಾರೆ. ನಿಜವಾದ ಅಪಾಯ ಇರುವುದು ಇಲ್ಲಿಯೇ.

ಟರ್ಬೊ ಎಂಬುದು ಎಂಜಿನ್ ಹೊರಬಿಡುವ ಹೊಗೆಯ ರಭಸದಿಂದಲೇ ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತು ತಿರುಗಿ, ಸಿಲಿಂಡರಿಗೆ ಹೆಚ್ಚು ಗಾಳಿ ತುಂಬುವ ಸಾಧನ. ಎಷ್ಟು ಒತ್ತಡದಲ್ಲಿ ತುಂಬಬೇಕೆಂಬುದನ್ನು ಕಾರಿನ ಕಂಪ್ಯೂಟರ್ ನಿರ್ಧರಿಸುತ್ತದೆ. ಆ ತಂತ್ರಾಂಶವನ್ನು ತಿದ್ದುವುದೇ ರೀಮ್ಯಾಪ್. ಒಂದು ಬೋಲ್ಟನ್ನೂ ಬದಲಿಸದೆ ಬಲ ಹೆಚ್ಚುತ್ತದೆ. ‘ಕಂಪನಿಯವರು ಬೇಕೆಂದೇ ಬಲ ಕಟ್ಟಿಹಾಕಿರುತ್ತಾರೆ, ಅದನ್ನು ಬಿಚ್ಚುತ್ತೇವೆ ಅಷ್ಟೆ’ ಎಂಬುದು ತಿದ್ದುವವರ ಸಮಜಾಯಿಷಿ.

ಇದು ಅರ್ಧಸತ್ಯ. ಕಟ್ಟಿಹಾಕಿದ ಆ ಬಲ ಕಳಪೆ ಪೆಟ್ರೋಲು, ಏಪ್ರಿಲ್ ಬಿಸಿಲು, ತಡವಾಗಿ ಬದಲಿಸಿದ ಆಯಿಲ್ ಇವೆಲ್ಲವುಗಳಿಗೆಂದು ತೆಗೆದಿಟ್ಟ ಇಡುಗಂಟು. ಅದನ್ನು ಮೊದಲೇ ಖರ್ಚುಮಾಡಿದವರ ಕಾರು ಕೆಡುವುದು ಹೆಚ್ಚಾಗಿ ಎಂಜಿನ್ನಿನಲ್ಲಲ್ಲ, ಅದರಾಚೆಯ ಕೊಂಡಿಯಲ್ಲಿ.

2013ರಲ್ಲಿ ಬಂದ 1.2 ಲೀಟರಿನ ಪೋಲೊ ಜಿಟಿಯನ್ನೇ ನೋಡೋಣ. ಅದರ ಎಂಜಿನ್ ನೀಡುವ ಟಾರ್ಕ್ 175 ನ್ಯೂಟನ್ ಮೀಟರ್. ಜೊತೆಗಿರುವ ಏಳು ಗೇರುಗಳ ಡಿಎಸ್‌ಜಿ ಗೇರ್‌ಬಾಕ್ಸ್ ತಡೆಯಬಲ್ಲ ಗರಿಷ್ಠ ಮಿತಿ 250. ರೀಮ್ಯಾಪ್ ನುಂಗುವುದು ನಡುವಿನ ಈ ಅಂತರವನ್ನೇ. ಇದರ ಒಣ ಕ್ಲಚ್‌ಗೆ ಆಯಿಲಿನ ತಂಪಿಲ್ಲ. ಸಿಲ್ಕ್ ಬೋರ್ಡಿನಂಥ ಕಡೆ ಅಂಗುಲಂಗುಲ ತೆವಳುವಾಗ ಜಾರುತ್ತಲೇ ಕಾಯುತ್ತದೆ. ಡಿಎಸ್‌ಜಿ ದೋಷಗಳಿಂದಾಗಿ 2013ರಲ್ಲಿ ಚೀನಾದಲ್ಲಿ ಫೋಕ್ಸ್‌ವ್ಯಾಗನ್ 3.8 ಲಕ್ಷಕ್ಕೂ ಅಧಿಕ ಕಾರುಗಳನ್ನು ಹಿಂದಕ್ಕೆ ಕರೆಯಬೇಕಾಯಿತು. ಅವೇನೂ ತಿದ್ದಿದ ಕಾರುಗಳಾಗಿರಲಿಲ್ಲ ಎಂಬುದು ಗಮನಾರ್ಹ.

ಎಂಜಿನ್ನಿಗೂ ಗಂಡಾಂತರವಿಲ್ಲದಿಲ್ಲ. ಕಡಿಮೆ ವೇಗದಲ್ಲಿ ಏಕಾಏಕಿ ಆಕ್ಸಿಲರೇಟರ್ ತುಳಿದಾಗ, ಕಿಡಿ ಹಾರುವ ಮೊದಲೇ ಇಂಧನ ಹೊತ್ತಿಕೊಂಡು ಪಿಸ್ಟನ್ ಸೀಳಬಹುದು. ಇದನ್ನು ತಗ್ಗಿಸಲೆಂದೇ 2020ರಲ್ಲಿ ‘ಎಪಿಐ ಎಸ್‌ಪಿ’ ದರ್ಜೆಯ ಆಯಿಲ್ ಬಂತು. ತಿದ್ದುಪಡಿಗೆ ಸಾವಿರಗಟ್ಟಲೆ ಸುರಿಯುವವರು ಆಯಿಲ್ ಡಬ್ಬಿಯ ಚೀಟಿ ಓದುವುದು ಅಪರೂಪ.

ಕಾನೂನು ಸ್ಪಷ್ಟವಾಗಿದೆ. ತಯಾರಕರು ನಮೂದಿಸಿದ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನ ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು. ಅದೇ ವರ್ಷದ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯು ಅಕ್ರಮ ಮಾರ್ಪಾಡು ಒಂದಕ್ಕೆ 5,000 ರೂಪಾಯಿ ದಂಡ ಇಲ್ಲವೇ ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡನ್ನೂ ವಿಧಿಸುತ್ತದೆ. ಆದರೆ ರಸ್ತೆಯಲ್ಲಿ ಸಿಕ್ಕಿಬೀಳುವುದು ಅಬ್ಬರಿಸುವ ಸೈಲೆನ್ಸರ್; ತಂತ್ರಾಂಶ ಯಾರ ಕಣ್ಣಿಗೂ ಬೀಳದು.

ಆದ್ದರಿಂದಲೇ ಪೆಟ್ಟು ಬೀಳುವುದು ಎರಡನೆಯ ಮಾಲೀಕನಿಗೆ. ಮಾರುವ ಮುನ್ನ ಮೂಲ ತಂತ್ರಾಂಶವನ್ನು ಮರಳಿ ತುಂಬಿದರಾಯಿತು, ಸವೆದ ಕ್ಲಚ್ ಮಾತ್ರ ಹೊಸದಾಗದು. ಆದರೂ ಒಂದು ಕುರುಹು ಉಳಿದಿರುವ ಸಂಭವವಿದೆ: ತಂತ್ರಾಂಶವನ್ನು ಎಷ್ಟು ಬಾರಿ ಬರೆಯಲಾಗಿದೆ ಎಂಬ ಲೆಕ್ಕವನ್ನು ಅನೇಕ ಕಾರುಗಳ ಕಂಪ್ಯೂಟರ್ ಇಟ್ಟುಕೊಂಡಿರುತ್ತದೆ. ಹಣ ಕೊಡುವ ಮೊದಲು ಸರ್ವಿಸ್ ಕೇಂದ್ರದಲ್ಲಿ ಅದನ್ನು ಓದಿಸಿ, ದುರಸ್ತಿ ದಾಖಲೆಯೊಡನೆ ತಾಳೆ ನೋಡಬಹುದು.