ಮಕ್ಕಳಾಟ ಅನ್ನಬೇಡಿ

ವಿಧಾನಸಭೆಯಲ್ಲಿ ಕಿತ್ತಾಟವಾದ ಸುದ್ದಿ ಬಂದಾಗಲೆಲ್ಲ ನಮ್ಮ ಸ್ಟಾಫ್ ರೂಮಿನಲ್ಲಿ ಯಾರಾದರೊಬ್ಬರು "ಥೂ, ಬರೀ ಮಕ್ಕಳಾಟ" ಎಂದು ಪೇಪರು ಮಡಚಿ ಇಡುತ್ತಾರೆ. ಇಪ್ಪತ್ತೆಂಟು ವರ್ಷದಿಂದ ಸಮಾಜ ಪಾಠ ಮಾಡುತ್ತ ಮಕ್ಕಳೊಂದಿಗೆ ಏಗುತ್ತಿರುವ ನನಗೆ ಆ ಮಾತು ಕೇಳಿದರೆ ಮೈ ಉರಿಯುತ್ತದೆ. ಮಕ್ಕಳೇನು ಪಾಪ ಮಾಡಿದ್ದವು?

2025ರ ಮಾರ್ಚ್ ತಿಂಗಳ ಮೂರು ದಿನಗಳನ್ನೇ ತೆಗೆದುಕೊಳ್ಳಿ. ಬಜೆಟ್ ಅಧಿವೇಶನದ ಕೊನೆಯ ಮೂರು ದಿನ. 19ನೇ ತಾರೀಖು ನಮ್ಮ ತುರುವೇಕೆರೆ ಕ್ಷೇತ್ರದ ಶಾಸಕರು, ಜೆಡಿಎಸ್‌ನ ಎಂ.ಟಿ. ಕೃಷ್ಣಪ್ಪನವರು, ಎದ್ದು ನಿಂತರು. ಹೆಂಗಸರಿಗೆ ತಿಂಗಳಿಗೆ 2,000 ರೂಪಾಯಿ ಕೊಡುತ್ತೀರಿ, ಬಸ್ಸು ಬಿಟ್ಟಿ, ಕರೆಂಟು ಬಿಟ್ಟಿ, ಹಾಗಿದ್ದಮೇಲೆ ಕುಡಿಯುವ ಗಂಡಸರಿಗೂ ವಾರಕ್ಕೆ ಎರಡು ಬಾಟಲಿ ಪುಕ್ಕಟೆ ಕೊಡಿ ಎಂದರು. ಸಚಿವ ಕೆ.ಜೆ. ಜಾರ್ಜ್ ಅವರು, ನೀವು ಗೆದ್ದು ಸರ್ಕಾರ ಮಾಡಿ ಕೊಡಿ ಎಂಬ ಅರ್ಥದ ಉತ್ತರ ಕೊಟ್ಟರು. ಸರ್ಕಾರದ ಅಬಕಾರಿ ಆಸೆಯನ್ನು ಕುಟುಕಲು ಆಡಿದ ಮಾತಿದ್ದೀತು. ಇರಲಿ. ಆದರೆ ಸೋಮವಾರದ ಮೊದಲ ಪೀರಿಯಡ್ಡಿಗೆ ಕಣ್ಣು ಊದಿಸಿಕೊಂಡು ಬರುವ ಹುಡುಗಿಯರನ್ನು ನಾನು ನೋಡಿದ್ದೇನೆ. "ಯಾಕಮ್ಮಾ, ರಾತ್ರಿ ನಿದ್ದೆ ಮಾಡಲಿಲ್ವಾ?" ಎಂದು ಕೇಳುವುದನ್ನು ಯಾವತ್ತೋ ಬಿಟ್ಟಿದ್ದೇನೆ. ಭಾನುವಾರ ರಾತ್ರಿ ಅವರ ಮನೆಗಳಲ್ಲಿ ಏನಾಗಿರುತ್ತದೆಂದು ಊರಿಗೇ ಗೊತ್ತು. ಆ ಮನೆಯ ಹೆಂಗಸರೂ ಸಾಲಿನಲ್ಲಿ ನಿಂತು ಓಟು ಹಾಕಿದವರೇ. ಅವರ ಕ್ಷೇತ್ರದ ಹೆಸರಿನಲ್ಲಿ ಸದನದಲ್ಲಿ ಎದ್ದ ಮಾತು ಇದು.

ಮರುದಿನ 20ನೇ ತಾರೀಖು ನಮ್ಮ ಜಿಲ್ಲೆಯವರೇ ಆದ ಆಗಿನ ಸಹಕಾರ ಸಚಿವ ಕೆ.ಎನ್. ರಾಜಣ್ಣನವರು, ಹನಿಟ್ರ್ಯಾಪ್ ಜಾಲದಲ್ಲಿ 48 ಮಂದಿ ಸಿಕ್ಕಿದ್ದಾರೆ ಎಂದು ಸದನದಲ್ಲೇ ಹೇಳಿದರು. 21ನೇ ತಾರೀಖು ಬಿಜೆಪಿಯವರು ಅದಕ್ಕೆ ನ್ಯಾಯಾಂಗ ತನಿಖೆ ಬೇಕೆಂದು, ಗುತ್ತಿಗೆಗಳಲ್ಲಿ ಮುಸ್ಲಿಮರಿಗೆ ಶೇಕಡ 4 ಮೀಸಲಾತಿ ಕೊಡುವ ಮಸೂದೆ ಬೇಡವೆಂದು ಸದನದ ಬಾವಿಗೆ ಇಳಿದರು. (ನಮ್ಮ ತೆಂಗಿನ ಸೀಮೆಯಲ್ಲಿ ಬಾವಿಗೆ ಇಳಿಯುವವನು ಹೂಳೆತ್ತಲು ಇಳಿಯುತ್ತಾನೆ.) ಕಾಗದ ಹರಿದು ಸಭಾಧ್ಯಕ್ಷ ಯು.ಟಿ. ಖಾದರ್ ಅವರ ಪೀಠದತ್ತ ತೂರಿದರು. ಹದಿನೆಂಟು ಜನರನ್ನು ಆರು ತಿಂಗಳಿಗೆ ಅಮಾನತು ಮಾಡಿದ್ದಾಯಿತು. ಮಾರ್ಷಲ್‌ಗಳು ಕೆಲವರನ್ನು ಹೊತ್ತುಕೊಂಡೇ ಹೊರಗೆ ತಂದರು. ಮೇ ತಿಂಗಳು ಮುಗಿಯುವುದರೊಳಗೆ ಅಮಾನತನ್ನು ಹಿಂದಕ್ಕೆ ಪಡೆದದ್ದೂ ಆಯಿತು.

ಇಷ್ಟೇ ಆಗಿದ್ದರೆ ಮಕ್ಕಳಾಟ ಎಂದು ನಾನೂ ಸುಮ್ಮನಿರುತ್ತಿದ್ದೆನೋ ಏನೋ. ಅದೇ ದಿನ, ಅದೇ ಗದ್ದಲದೊಳಗೆ, ಇನ್ನೊಂದು ಕೆಲಸ ಸದ್ದಿಲ್ಲದೆ ನಡೆಯಿತು. ಶಾಸಕರ ಸಂಬಳ 40,000ದಿಂದ 80,000 ರೂಪಾಯಿಗೆ, ಮಂತ್ರಿಗಳದು 60,000ದಿಂದ ಒಂದೂಕಾಲು ಲಕ್ಷಕ್ಕೆ, ಮುಖ್ಯಮಂತ್ರಿಗಳದು 75,000ದಿಂದ ಒಂದೂವರೆ ಲಕ್ಷಕ್ಕೆ ಏರಿಸುವ ಮಸೂದೆಗಳು ಚರ್ಚೆಯೇ ಇಲ್ಲದೆ ಪಾಸಾದವು. ಕಾಗದ ತೂರಿದವರಿಗೂ ಏರಿಕೆ, ತೂರಿಸಿಕೊಂಡವರಿಗೂ ಏರಿಕೆ. ಇದು ಮಕ್ಕಳಾಟವೇ? ಮಕ್ಕಳಿಗೆ ಇಷ್ಟು ಲೆಕ್ಕ ಬರುವುದಿಲ್ಲ. ಬಂದಿದ್ದರೆ ನಮ್ಮ ಗಣಿತದ ಮೇಷ್ಟ್ರು ಹಬ್ಬ ಮಾಡುತ್ತಿದ್ದರು.

ಗದ್ದಲದ ಉಪಯೋಗ ಇದೇ ನೋಡಿ. ಚರ್ಚೆ ನಡೆದರೆ ಒಬ್ಬ ಎದ್ದು, ಈಗ್ಯಾಕೆ ಸಂಬಳ, ಯಾವ ಕೆಲಸಕ್ಕೆ, ಎಂದು ಕೇಳಬೇಕಾಗುತ್ತದೆ. ಇನ್ನೊಬ್ಬ ಉತ್ತರ ಕೊಡಬೇಕಾಗುತ್ತದೆ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರ ಗೊತ್ತುಮಾಡಿದ್ದ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ. ತಿಪಟೂರು ಮಾರುಕಟ್ಟೆಯಲ್ಲಿ ಸಿಗುತ್ತಿದ್ದದ್ದು ಅದಕ್ಕಿಂತ ಎಷ್ಟೋ ಕಮ್ಮಿ. ಉಂಡೆ ಕೊಬ್ಬರಿ ಎಂದರೆ ತಿಂಗಳುಗಟ್ಟಲೆ ಕಾಯಿಯನ್ನು ಅಟ್ಟದ ಮೇಲೆ ಕಾದು, ಒಳಗಿನ ನೀರು ಇಂಗಿ ಗಟಗಟ ಅಲ್ಲಾಡುವ ತನಕ ತಾಳಿಕೊಂಡು, ಆಮೇಲೆ ಸುಲಿದು ಒಡೆಸುವುದು. ಅಷ್ಟು ತಾಳಿದ ಹೆಂಗಸು ರೇಟು ಕೇಳಿ ಜಗಲಿಯ ಮೇಲೆ ತಲೆಗೆ ಕೈಹೊತ್ತು ಕೂತದ್ದನ್ನು ನಮ್ಮ ಬೀದಿಯಲ್ಲೇ ಕಂಡೆ. ಅವಳ ಪರವಾಗಿ ಕೇಳಬೇಕಾದ ಪ್ರಶ್ನೆಗೆ ಬೇಕಾದದ್ದು ಒಂದು ನಿಶ್ಶಬ್ದ ಗಂಟೆ.

ಪಕ್ಷ ಹಿಡಿದು ಬರೆಯುತ್ತಿದ್ದೇನೆ ಎಂದು ಯಾರೂ ತಿಳಿಯಬೇಡಿ. 2020ರ ಡಿಸೆಂಬರ್ 15ರಂದು ವಿಧಾನ ಪರಿಷತ್ತಿನಲ್ಲಿ ಉಪಸಭಾಪತಿ ಎಸ್.ಎಲ್. ಧರ್ಮೇಗೌಡರನ್ನು ಪೀಠದಿಂದ ಎಳೆದು ಇಳಿಸಿದವರು ಕಾಂಗ್ರೆಸ್ಸಿನ ಸದಸ್ಯರು. ಹಿರಿಯರ ಮನೆ ಎಂದು ನಾನು ಬೋರ್ಡಿನ ಮೇಲೆ ಬರೆದು ಕಲಿಸುವ ಸದನ ಅದು. ಆ ವರ್ಷ ಆ ಪಾಠ ಬಂದಾಗ ಮಕ್ಕಳ ಮುಖ ನೋಡಲಾಗದೆ ಬೋರ್ಡಿನ ಕಡೆಗೇ ತಿರುಗಿ ಪಾಠ ಮುಗಿಸಿದೆ.

ಶಾಲೆಗಳಲ್ಲಿ ಜೂನ್ ತಿಂಗಳು ಬಂತೆಂದರೆ ಶಾಲಾ ಸಂಸತ್ತಿನ ಚುನಾವಣೆ ಇರುತ್ತದಲ್ಲ, ನಮ್ಮಲ್ಲಿ ಅದರ ಉಸ್ತುವಾರಿ ನನ್ನದು. 2025ರ ಜೂನ್‌ನಲ್ಲಿ ಮೊದಲ ಸಭೆ. ಒಂಬತ್ತನೇ ತರಗತಿಯ ಒಬ್ಬಳು ಹುಡುಗಿ ಚೀಟಿಯಲ್ಲಿ ಬರೆದುಕೊಂಡು ಬಂದಿದ್ದಳು: ಹುಡುಗಿಯರ ಶೌಚಾಲಯದ ನಲ್ಲಿಯಲ್ಲಿ ಮಧ್ಯಾಹ್ನದ ಮೇಲೆ ನೀರು ಬರುವುದಿಲ್ಲ, ಯಾಕೆ? ಅವಳು ಬಾಯಿ ತೆರೆಯುವಷ್ಟರಲ್ಲಿ ವಿರೋಧ ಪಕ್ಷದ ಹುಡುಗರಿಬ್ಬರು ನೋಟುಬುಕ್ಕಿನ ಹಾಳೆ ಹರಿದು ತೂರಿದರು. ಎಲ್ಲರೂ ನಕ್ಕರು. ಆ ಹುಡುಗಿ ಚೀಟಿ ಮಡಚಿಕೊಂಡು ಕೂತಳು.

"ಏನೋ ಇದು?" ಎಂದು ಗದರಿದೆ.

"ಟೀವೀಲಿ ಹಿಂಗೇ ಅಲ್ವಾ ಮಿಸ್ ಮಾಡದು" ಎಂದ ಒಬ್ಬ. ತುಂಟತನದಿಂದಲ್ಲ, ನಿಜವಾಗಿಯೂ ಪಾಠ ಒಪ್ಪಿಸುವವನ ಹಾಗೆ.

ನನಗೆ ಮಾತು ಹೊರಡಲಿಲ್ಲ. ಹುಡುಗರು ತಾವಾಗಿಯೇ ಪೊರಕೆ ತಂದು ಚೂರುಗಳನ್ನು ಗುಡಿಸಿದರು, ಆ ಹುಡುಗಿಗೆ "ಸಾರಿ ಕಣೆ, ಈಗ ಓದು" ಎಂದರು. ಅವಳು ಎದ್ದು ಓದಿದಳು. ಮುಖ್ಯೋಪಾಧ್ಯಾಯರು ಅಲ್ಲೇ ನಿಂತು ಉತ್ತರ ಕೊಡಬೇಕಾಯಿತು, ನಾನು ಅದನ್ನು ನಡಾವಳಿ ಪುಸ್ತಕದಲ್ಲಿ ತಾರೀಖು ಹಾಕಿ ಬರೆದೆ. ಮುಂದಿನ ವಾರ ಪೈಪು ಬದಲಾಯಿತು.