ಹರಟೆಗೊಂದು ನೋಟ್‌ಬುಕ್

ಬೇಸಿಗೆ ರಜೆ ಬಂತೆಂದರೆ ಹಿರಿಯೂರಿನಿಂದ ಹೊಸದುರ್ಗಕ್ಕೆ ಅಜ್ಜಿ ಮನೆಗೆ ಹೊರಟ ಹುಡುಗನಿಗೆ ಬಸ್ಸಿನಲ್ಲಿ ಎದುರಾಗುವ ಪ್ರಶ್ನೆಗಳು ಎರಡೇ. 'ಎಷ್ಟು ಪರ್ಸೆಂಟ್ ಬಂತಪ್ಪಾ?' 'ಮುಂದೇನು ಓದ್ತೀಯಾ?' ಉತ್ತರ ಕೊಟ್ಟರೆ ಅವನ ಪಾಲಿನ ಮಾತು ಮುಗಿಯಿತು. ಹಿರಿಯರು ಮಳೆ, ತೆಂಗಿನಕಾಯಿ ದರ, ಡ್ಯಾಮಿನ ನೀರು ಎಂದು ತಮ್ಮ ಹರಟೆಗೆ ಇಳಿಯುತ್ತಾರೆ. ಹುಡುಗ ಕಿಟಕಿಯಾಚೆ ನೋಡುತ್ತಾನೆ.

ಆದರೆ ಬರೆಯುವ ಆಸೆಯುಳ್ಳ ಹುಡುಗನಿಗೆ ಬೇಕಾದದ್ದು ಆ ಹರಟೆಯಲ್ಲೇ ಇದೆ. ವೇದಾವತಿ ನದಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ ಕಟ್ಟಿದ ವಾಣಿವಿಲಾಸ ಸಾಗರ ಮುಗಿದದ್ದು 1907ರಲ್ಲಿ. ಅದು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬೀಳಲು 2022 ಬರಬೇಕಾಯಿತು. ನಡುವೆ 89 ವರ್ಷ! ಮೊದಲ ಕೋಡಿಯನ್ನು ಅಪ್ಪನ ಹೆಗಲ ಮೇಲೆ ಕೂತು ನೋಡಿದ ಮಗು ಎರಡನೆಯದನ್ನು ನೋಡುವಷ್ಟರಲ್ಲಿ ತೊಂಬತ್ತು ದಾಟಿರಬೇಕು. ಅಂಥ ಅಜ್ಜ ಅಜ್ಜಿಯರ ಮಾತು ಎಷ್ಟು ಮನೆಗಳಲ್ಲಿ ಕಾಗದಕ್ಕೆ ಇಳಿಯಿತು? ಅವರು ಹೋದರೆ ಆ ವರ್ಷವೂ ಅವರೊಂದಿಗೇ ಹೋದಂತೆ.

ಚಿತ್ರದುರ್ಗದ ಕೋಟೆಗೆ ತ.ರಾ.ಸು. ಸಿಕ್ಕರು. ಬರವಣಿಗೆಯನ್ನೇ ನಂಬಿ ಬದುಕಿದ ಅವರಿಗೆ 'ದುರ್ಗಾಸ್ತಮಾನ' ಕಾದಂಬರಿಗಾಗಿ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆಗ ಅವರೇ ಇರಲಿಲ್ಲ, 1984ರಲ್ಲಿ ತೀರಿಕೊಂಡಿದ್ದರು. ಕೋಟೆಗೆ ಸಿಕ್ಕಂತೆ ಪ್ರತಿ ಹಳ್ಳಿಗೂ ಒಬ್ಬ ತ.ರಾ.ಸು. ಸಿಗುವುದಿಲ್ಲ. ಆ ಕೆಲಸ ಅಲ್ಲಿಯ ಮಕ್ಕಳದೇ.

ಇನ್ನು ಪುಸ್ತಕದ ವಿಚಾರ. ಕಾಲೇಜು ಮೆಟ್ಟಿಲು ಹತ್ತುವ ಹೊತ್ತಿಗೆ ಇಪ್ಪತ್ತು ಕವಿತೆ ಬರೆದ ಹುಡುಗ 'ಅಪ್ಪಾ, ಪುಸ್ತಕ ಮಾಡಿಸಬೇಕು, ದುಡ್ಡು ಕೊಡು' ಎನ್ನುವುದುಂಟು. ಅಪ್ಪ ರೇಗುವುದೂ ಉಂಟು. ಸ್ವಂತ ಪ್ರಕಟಣೆ ನಾಚಿಕೆಯ ಕೆಲಸವೇನಲ್ಲ. ಗಳಗನಾಥರು ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಜಿ.ಪಿ. ರಾಜರತ್ನಂ ಕೂಡ ತಮ್ಮ ಪುಸ್ತಕಗಳನ್ನು ತಾವೇ ಪ್ರಕಟಿಸಿ, ತಾವೇ ಮಾರಿದವರು. ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ರಾಘವೇಂದ್ರ ಸ್ವಾಮೀಜಿ ಜೋಳಿಗೆ ಹಿಡಿದು ಅನಾಥ ಸೇವಾಶ್ರಮವನ್ನು ಬೆಳೆಸಿದರು. ಬರೆಯುವಾಗಲೂ ಅವರು ಇಟ್ಟುಕೊಂಡ ಹೆಸರು 'ತಿರುಕ'.

ಇವರೆಲ್ಲರಲ್ಲಿ ಒಂದು ಮಾತು ಸಮಾನ. ಪುಸ್ತಕಕ್ಕಿಂತ ಮೊದಲು ಅವರ ಬಳಿ ಹೇಳುವ ವಿಷಯವಿತ್ತು. ಪುಸ್ತಕ ಬಂದ ಮೇಲೆ ಅದನ್ನು ಹೊರುವ ಹೆಗಲೂ ಇತ್ತು. ಈ ಎರಡೂ ಇಲ್ಲದೆ ಸಾಲ ಮಾಡಿ ಸಾವಿರ ಪ್ರತಿ ಅಚ್ಚು ಹಾಕಿಸಿದವರ ಮನೆಯ ಅಟ್ಟ ನೋಡಬೇಕು. ಬಿಡುಗಡೆ ಸಮಾರಂಭದ ದಿನ ನೂರು ಪ್ರತಿ ಹಂಚಿಹೋಗುತ್ತದೆ. ಉಳಿದದ್ದು ಗೆದ್ದಲಿಗೆ. ಈಗ ಡಿಜಿಟಲ್ ಮುದ್ರಣದಲ್ಲಿ ಐವತ್ತು ಪ್ರತಿಯನ್ನೂ ಮಾಡಿಸಬಹುದು. ಆದರೂ ಅವಸರ ಬೇಡ.

ಅದಕ್ಕಿಂತ ಈ ರಜೆಯಲ್ಲಿ ಇನ್ನೂರು ಪುಟದ ಒಂದು ನೋಟ್‌ಬುಕ್ ಸಾಕು. ಅಜ್ಜಿಗೆ ದಿನಕ್ಕೊಂದೇ ಪ್ರಶ್ನೆ: ಬರಗಾಲದಲ್ಲಿ ಏನು ಉಣ್ಣುತ್ತಿದ್ದಿರಿ, ಮದುವೆಗೆ ಗಾಡಿ ಎಲ್ಲಿಂದ ಬಂತು, ಈ ಬಾವಿ ತೋಡಿದವರು ಯಾರು? ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯಬೇಕು. ಪುಸ್ತಕದ ಭಾಷೆಗೆ ತಿದ್ದಬಾರದು. ಊರು, ಇಸವಿ, ಹೇಳಿದವರ ಹೆಸರು ಬಿಡಬಾರದು. ರಜೆ ಮುಗಿಯುವಾಗ ಸೂಜಿದಾರದಿಂದ ಹೊಲಿದು ರಟ್ಟು ಹಾಕಿದರೆ ಅದೇ ಮೊದಲ ಸ್ವಂತ ಪ್ರಕಟಣೆ. ಪ್ರತಿ ಒಂದೇ, ಖರ್ಚು ಅಲ್ಪ, ಓದುಗರು ಮನೆ ಮಂದಿಯೆಲ್ಲ.

ತಂದೆ ತಾಯಿಯರು ಮಾಡಬೇಕಾದದ್ದೂ ಇಷ್ಟೇ. ರಜೆಯ ಅರವತ್ತು ದಿನವನ್ನೂ ಕೋಚಿಂಗ್ ಕ್ಲಾಸಿಗೆ ಬರೆದುಕೊಡದೆ, ಹತ್ತು ದಿನವನ್ನಾದರೂ ಅಜ್ಜಿಯ ಜಗಲಿಗೆ ಬಿಡಬೇಕು. ಕೋಚಿಂಗ್ ಮುಂದಿನ ವರ್ಷವೂ ಇರುತ್ತದೆ. ಅಜ್ಜಿ?